ಎರಡು ಕ್ರೆಡಿಟ್ಟಿನ ನಯವಿನಯ

ಮನುಷ್ಯರ ಜೊತೆ ಮನುಷ್ಯರಂತೆ ಇರುವುದು ಹೇಗೆಂದು ಹೇಳಿಕೊಡಲು ನಮ್ಮ ವಿಶ್ವವಿದ್ಯಾಲಯದವರು ಗುರುಗ್ರಾಮದಿಂದ ಒಬ್ಬ ಟ್ರೇನರನ್ನು ಕರೆಸಿದರು. ಆ ಮಹಾನುಭಾವ ಬಂದ ಮೊದಲ ದಿನವೇ ಕಾರಿಗೆ ನೆರಳು ಸಿಗಲಿಲ್ಲವೆಂದು ಗೇಟಿನ ಗಾರ್ಡ್ ಮೇಲೆ ಹರಿಹಾಯ್ದ. ಗಾರ್ಡ್ ಅವನ ಅಪ್ಪನ ವಯಸ್ಸಿನವರು. ಅವರಿಗೆ ‘ಏಯ್’ ಎಂದು ಕೂಗಿ, ಕೋಟಿನ ಗುಂಡಿ ಹಾಕಿಕೊಂಡು ಒಳಗೆ ಬಂದು, ಪರದೆಯ ಮೇಲೆ ‘ಗೌರವ’ ಎಂಬ ಪದವನ್ನು ಇಂಗ್ಲಿಷಿನಲ್ಲಿ ದೊಡ್ಡದಾಗಿ ಮೂಡಿಸಿ ಹಲ್ಲುಬಿಟ್ಟು ನಿಂತ. ನಾನು ಕೊನೆಯ ಸಾಲಿನಲ್ಲಿ ಕೂತು ಆಕಳಿಸಿದೆ.

ನಾನು ಅಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಮನೆ ಜನಕಪುರಿಯಲ್ಲಿ. ಮೆಟ್ರೋ ಹತ್ತಿ ಇಡೀ ದೆಹಲಿಯನ್ನು ಅಡ್ಡಡ್ಡ ದಾಟಿ, ಘಾಜಿಯಾಬಾದಿನ ಕಡೆ ಇಳಿದು, ಅಲ್ಲಿಂದ ಶೇರ್ ಆಟೋದಲ್ಲಿ ಮೊಣಕಾಲು ಮಡಚಿಕೊಂಡು ಹೋಗಬೇಕು. ಯಜಮಾನರಿಗೆ ಕೇಂದ್ರ ಸರ್ಕಾರದ ಕೆಲಸ ಸಿಕ್ಕಿತೆಂದು ಇಲ್ಲಿಗೆ ಬಂದಾಗ ನನ್ನ ಜಡೆ ಸೊಂಟ ಮುಟ್ಟುತ್ತಿತ್ತು. ಈಗ ಉಳಿದಿರುವುದು ಬೆರಳು ಗಾತ್ರದ್ದು, ಅದೂ ಬೆಳ್ಳಗೆ. ಆದರೂ ಈ ‘ಸಾಮಾಜಿಕ ಮತ್ತು ಅಂತರ್‌ಸಂಸ್ಕೃತಿ ಕೌಶಲ’ ಎಂಬ ಎರಡು ಕ್ರೆಡಿಟ್ಟಿನ ಹೊಸ ಪೇಪರಿಗೆ ಕೋಆರ್ಡಿನೇಟರ್ ಯಾರಾಗಬೇಕೆಂಬ ಪ್ರಶ್ನೆ ಬಂದಾಗ ಡೀನ್ ಸಾಹೇಬರು ನೇರವಾಗಿ ನನ್ನ ಕಡೆ ಕೈ ತೋರಿಸಿದರು.

‘‘ಮ್ಯಾಮ್, ಆಪ್ ತೋ ಸೌತ್ ಇಂಡಿಯನ್ ಹೈಂ. ಕ್ರಾಸ್-ಕಲ್ಚರ್‌ಗೆ ನೀವೇ ಸರಿ’’ ಎಂದರು.

ನೋಡಿ ಹೇಗಿದೆ! ಅರ್ಧ ಆಯುಸ್ಸು ಈ ಊರಿನ ಧೂಳು ಕುಡಿದಿದ್ದೇನೆ, ಇಲ್ಲಿನ ಚಳಿಗೆ ಮಂಡಿ ಕೊಟ್ಟಿದ್ದೇನೆ, ಇವರ ಮಕ್ಕಳಿಗೆ ಲೆಕ್ಕ ಕಲಿಸಿದ್ದೇನೆ. ಇವತ್ತಿಗೂ ನಾನೇ ಇವರ ಕ್ರಾಸು, ನಾನೇ ಇವರ ಕಲ್ಚರು. ಇದನ್ನೇ ಅಲ್ಲಿ ಕನ್ನಡದಲ್ಲಿ ಗೊಣಗಿಕೊಂಡೆ. ಡೀನ್ ಅದನ್ನು ಒಪ್ಪಿಗೆ ಎಂದುಕೊಂಡರು.

ನಮ್ಮದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಪೈಕಿ ಸಂಸ್ಥೆ. ಲ್ಯಾಬಿನ ಅರ್ಧ ಕಂಪ್ಯೂಟರುಗಳು ಏಳುವುದಿಲ್ಲ, ಹೆಣ್ಣುಮಕ್ಕಳ ಶೌಚಾಲಯದಲ್ಲಿ ಚಿಲಕವಿಲ್ಲ, ಆದರೆ ನಯವಿನಯ ಕಲಿಸುವ ಕೊಠಡಿಗೆ ಮಾತ್ರ ಎ.ಸಿ., ಬಣ್ಣಬಣ್ಣದ ಕುರ್ಚಿ, ಗೋಡೆಗೆ ಭೂಪಟ. ಅಲ್ಲಿ ಟ್ರೇನರ್ ಏನು ಕಲಿಸಿದ ಎನ್ನುತ್ತೀರಿ? ಕೈ ಎಷ್ಟು ಬಿಗಿಯಾಗಿ ಕುಲುಕಬೇಕು. ಕಣ್ಣಲ್ಲಿ ಕಣ್ಣಿಟ್ಟು ಎಷ್ಟು ಹೊತ್ತು ನೋಡಬೇಕು. ಜಪಾನಿನವನ ಎದುರು ಎಷ್ಟು ಬಾಗಬೇಕು, ಅರಬ್ಬನಿಗೆ ಯಾವ ಕೈಯಲ್ಲಿ ಕೊಡಬಾರದು, ಫ್ರಾನ್ಸಿನವಳ ಯಾವ ಕೆನ್ನೆ ಮೊದಲು. ಆ ಮಕ್ಕಳಲ್ಲಿ ಎಷ್ಟು ಜನ ಫ್ರಾನ್ಸಿಗೆ ಹೋಗುತ್ತಾರೋ ಆ ಭಗವಂತನೇ ಬಲ್ಲ. ಅದೇ ಕೊಠಡಿಯಲ್ಲಿ ಹರಿಯಾಣದ ಹುಡುಗರು ಒಂದು ಮೂಲೆ, ಬಿಹಾರದವರು ಇನ್ನೊಂದು ಮೂಲೆ, ಮಣಿಪುರದ ಇಬ್ಬರು ಹುಡುಗಿಯರು ಕಿಟಕಿಯ ಹತ್ತಿರ ಅವರಷ್ಟಕ್ಕೆ ಅವರು. ಒಬ್ಬರ ಟಿಫನ್ ಡಬ್ಬಿಯಲ್ಲಿ ಏನಿದೆಯೆಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಅದಕ್ಕೆ ಸ್ಲೈಡ್ ಇರಲಿಲ್ಲ. ಇಡೀ ಭಾರತಕ್ಕೆ ಅವನು ಕೊಟ್ಟದ್ದು ಒಂದೇ ಚಿತ್ರ, ಎರಡು ಕೈ ಜೋಡಿಸಿದ ನಮಸ್ತೆ.

ಇದನ್ನೆಲ್ಲ ನಕ್ಕು ಮರೆಯುತ್ತಿದ್ದೆ. ಆದರೆ ಆ ತರಗತಿಯಲ್ಲಿ ನನ್ನ ತಂಗಿಯ ಮಗಳಿದ್ದಳು.

ದಾವಣಗೆರೆಯಿಂದ ಎಂ.ಎಸ್ಸಿ. ಓದಲೆಂದು ಬಂದು ನಮ್ಮ ಮನೆಯಲ್ಲೇ ಇದ್ದಳು. ಲೆಕ್ಕದಲ್ಲಿ ಚುರುಕು, ಬಾಯಿ ಮಾತ್ರ ಇಲ್ಲ. ಅವಳ ಹಿಂದಿ ಶಾಲೆಯ ಪಠ್ಯಪುಸ್ತಕದಿಂದ ಎದ್ದು ಬಂದದ್ದು. ಕ್ಯಾಂಟೀನಿನ ಭಯ್ಯಾನ ಹತ್ತಿರ ಚಹಾ ಕೇಳಿದರೂ ಭಾಷಣ ಮಾಡಿದ ಹಾಗಿರುತ್ತಿತ್ತು. ಮೊದಲ ವಾರ ಇಡೀ ತರಗತಿ ಅವಳನ್ನು ಅಣಕಿಸಿ ನಕ್ಕಿತು. ಆಗ ಪೀತಮ್‌ಪುರದ ಒಬ್ಬ ಪಂಜಾಬಿ ಹುಡುಗಿ, ದೊಡ್ಡ ದನಿಯವಳು, ತನ್ನ ಬ್ಯಾಗನ್ನು ಧಡ್ ಎಂದು ನಮ್ಮವಳ ಪಕ್ಕದಲ್ಲಿಟ್ಟು, ‘‘ಇನ್ನು ಮುಂದೆ ಇವಳು ನನ್ನ ಜೊತೆ, ಯಾರಿಗೆ ಏನು ತೊಂದರೆ?’’ ಎಂದು ಎಲ್ಲರನ್ನೂ ದುರುಗುಟ್ಟಿ ನೋಡಿದಳಂತೆ. ಅಲ್ಲಿಗೆ ನಗು ನಿಂತಿತು. ಆಮೇಲೆ ಇಬ್ಬರದೂ ಒಂದೇ ಬೆಂಚು, ಒಂದೇ ಡಬ್ಬಿ. ಇವಳ ಚಿತ್ರಾನ್ನ ಅವಳ ಹೊಟ್ಟೆಗೆ, ಅವಳ ಮೂಲಂಗಿ ಪರಾಠ ಇವಳ ಹೊಟ್ಟೆಗೆ. ಆ ಒಬ್ಬಳಿಲ್ಲದಿದ್ದರೆ ನಮ್ಮವಳು ಎಂದೋ ಗಂಟುಮೂಟೆ ಕಟ್ಟಿಕೊಂಡು ಊರಿನ ರೈಲು ಹತ್ತುತ್ತಿದ್ದಳು. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಚಳಿ ಶುರುವಾಗುವ ಹೊತ್ತಿಗೆ ಆ ಪಂಜಾಬಿ ಹುಡುಗಿಯ ತಂದೆ ಹಠಾತ್ತನೆ ತೀರಿಕೊಂಡರು. ಅಂಗಡಿಯಲ್ಲಿ ಕೂತಿದ್ದ ಹಾಗೇ ಹೋಗಿಬಿಟ್ಟರಂತೆ. ಅವರಲ್ಲಿ ನಾಲ್ಕನೆಯ ದಿನ ‘ಚೌಥಾ’ ಎಂದು ಮಾಡುತ್ತಾರೆ. ಒಂದು ಹಾಲ್‌ನಲ್ಲಿ ಬಿಳಿ ಜಮಖಾನ ಹಾಸಿ, ಹೋದವರ ಫೋಟೋಗೆ ಹಾರ ಹಾಕಿ, ಎಲ್ಲರೂ ಕೂತು ಭಜನೆ ಕೇಳುತ್ತಾರೆ. ಮುಗಿದ ಮೇಲೆ ಮನೆಯವರು ಬಾಗಿಲ ಬಳಿ ಸಾಲಾಗಿ ನಿಲ್ಲುತ್ತಾರೆ. ಬಂದವರು ಒಬ್ಬೊಬ್ಬರಾಗಿ ಅವರ ಎದುರು ಕೈಮುಗಿದು ಹೊರಗೆ ಹೋಗುತ್ತಾರೆ. ಸಂತಾಪ ಎಂದರೆ ಅಲ್ಲಿ ಅದೇ. ಮಾತು ಬೇಡ, ಎದುರು ಬಂದು ಹೋದರೆ ಸಾಕು.

ನಮ್ಮಲ್ಲಿ ತದ್ವಿರುದ್ಧ. ಸಾವಿನ ಮನೆಯಲ್ಲಿ ಹೇಳಿ ಹೊರಡುವ ಪದ್ಧತಿಯೇ ಇಲ್ಲ. ಬೇರೆ ಎಲ್ಲ ಕಡೆ ‘ಹೋಗಿ ಬರ್ತೀನಿ’ ಎನ್ನದೆ ಹೊಸ್ತಿಲು ದಾಟದ ಜನ ನಾವು, ಅಲ್ಲಿ ಮಾತ್ರ ತುಟಿ ಬಿಚ್ಚುವುದಿಲ್ಲ. ಅಂಥ ಮನೆಗೆ ಮತ್ತೆ ಬರುತ್ತೇನೆ ಎಂದರೆ ಏನರ್ಥ? ಇನ್ನೊಂದು ಹೆಣ ಬೀಳಲಿ ಎಂದೇ? ಆದ್ದರಿಂದ ಯಾರ ಕಣ್ಣಿಗೂ ಬೀಳದ ಹಾಗೆ ಮೆಲ್ಲಗೆ ಎದ್ದು ಬಂದುಬಿಡುವುದು. ಉಳಿದವರ ಒಳ್ಳೆಯದಕ್ಕೇ ಅದು.

ಅವತ್ತು ನಡೆದದ್ದು ನನಗೆ ತಿಳಿದದ್ದು ಆಮೇಲೆ. ಆದರೂ ಇಲ್ಲೇ ಹೇಳಿಬಿಡುತ್ತೇನೆ. ಆ ದಿನ ನಾನು ಪರೀಕ್ಷೆಯ ಮೇಲ್ವಿಚಾರಣೆಗೆ ಹೋಗಿದ್ದೆ. ನಮ್ಮ ಹುಡುಗಿ ಒಬ್ಬಳೇ ಪೀತಮ್‌ಪುರಕ್ಕೆ ಹೊರಟಳು, ದಾರಿಯಲ್ಲಿ ಅಮ್ಮನಿಗೆ ಫೋನ್ ಮಾಡಿ ಏನು ಮಾಡಬೇಕೆಂದು ಕೇಳಿದಳು. ನನ್ನ ತಂಗಿಗೆ ದೆಹಲಿ ಎಂದರೆ ದಾವಣಗೆರೆಯದೇ ಇನ್ನೊಂದು ಬಡಾವಣೆ. ಅಲ್ಲಿನ ಶಾಸ್ತ್ರವೇ ಇಲ್ಲಿಯೂ ನಡೆಯಬೇಕು.

‘‘ಹೋಗಿ ಸುಮ್ಮನೆ ಕೂತ್ಕೋ. ಏನೂ ತಿನ್ನಬೇಡ, ನೀರೂ ಮುಟ್ಟಬೇಡ. ಬರೋವಾಗ ಯಾರಿಗೂ ಹೇಳಬೇಡ, ಹಿಂದೆ ತಿರುಗಿ ನೋಡಬೇಡ. ಮನೆಗೆ ಬಂದವಳೇ ತಲೆಗೆ ನೀರು ಹಾಕ್ಕೋ’’ ಎಂದು ತಂಗಿ ಅಲ್ಲಿಂದಲೇ ಆಜ್ಞೆ ಮಾಡಿದಳು.

ಮಗಳು ಅಕ್ಷರಶಃ ಪಾಲಿಸಿದಳು. ಭಜನೆ ಮುಗಿಯಿತು, ಜನ ಎದ್ದರು, ಬಾಗಿಲ ಬಳಿ ಸಾಲು ನಿಂತಿತು. ಆ ಸಾಲಿನ ಎದುರು ಹಾಯದೆ ಹೊರಗೆ ಹೋಗುವ ದಾರಿ ಯಾವುದೆಂದು ಇವಳು ನೋಡಿದಳು. ಚಪ್ಪಲಿ ಬಿಟ್ಟಿದ್ದ ಕಡೆ ಒಂದು ಪಕ್ಕದ ಬಾಗಿಲಿತ್ತು. ತಲೆ ತಗ್ಗಿಸಿ ಆ ಬಾಗಿಲಿನಿಂದ ನುಸುಳಿ, ಚಪ್ಪಲಿ ಮೆಟ್ಟಿಕೊಂಡು, ಹಿಂದೆ ನೋಡದೆ ಮೆಟ್ರೋ ಹತ್ತಿದಳು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಮಗಳಂತೆ ಅನ್ನ ಸಾರು ಊಟ ಮಾಡಿ ಮಲಗಿದಳು.

ಕಾಲೇಜಿಗೆ ಮರಳಿದ ಪಂಜಾಬಿ ಹುಡುಗಿ ಬ್ಯಾಗನ್ನು ಬೇರೆ ಬೆಂಚಿಗೆ ಒಯ್ದಳು. ಇವಳು ಹತ್ತಿರ ಹೋದರೆ ಎದ್ದು ಹೋದಳು. ಫೋನ್ ಮಾಡಿದರೆ ಹತ್ತಲಿಲ್ಲ, ನಂಬರನ್ನೇ ಬ್ಲಾಕ್ ಮಾಡಿದ್ದಳು. ಕಾರಣ ಕೇಳುವಷ್ಟು ಬಾಯಿ ನಮ್ಮವಳಿಗಿಲ್ಲ, ಹೇಳುವಷ್ಟು ಮನಸ್ಸು ಅವಳಿಗಿಲ್ಲ. ಡಬ್ಬಿಯಲ್ಲಿ ಕಟ್ಟಿಕೊಟ್ಟ ಚಿತ್ರಾನ್ನ ಹಾಗೇ ಮನೆಗೆ ವಾಪಸು ಬರತೊಡಗಿತು. ‘‘ಏನಾಯ್ತೇ?’’ ಎಂದರೆ, ‘‘ಗೊತ್ತಿಲ್ಲ ದೊಡ್ಡಮ್ಮ, ಅಪ್ಪ ಹೋದ ದುಃಖ ಇರಬೇಕು’’ ಎನ್ನುತ್ತಿದ್ದಳು. ಒಂದು ದಿನ ಬ್ಯಾಗ್ ಕೂಡ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘‘ನಾನು ಊರಿಗೆ ಹೋಗ್ತೀನಿ, ಇನ್ನು ಓದಲ್ಲ’’ ಎಂದಳು.

ತಂಗಿಗಂತೂ ಹಾಲು ಕುಡಿದಷ್ಟು ಸಂತೋಷ. ‘‘ಬಂದುಬಿಡಲಿ ಬಿಡಕ್ಕ. ಇಲ್ಲೇ ಒಂದು ಒಳ್ಳೆ ಸಂಬಂಧ ಬಂದಿದೆ. ಆ ಊರಲ್ಲಿ ಓದಿ ಏನು ಕಡಿದು ಕಟ್ಟೆ ಹಾಕಬೇಕಾಗಿದೆ?’’ ಎಂದಳು. ನಾನು ಫೋನ್ ಕುಕ್ಕಿದೆ. ಲೆಕ್ಕದಲ್ಲಿ ಇಂಥ ತಲೆಯಿರುವ ಹುಡುಗಿ, ಯಾವನೋ ಒಬ್ಬನ ಮನೆಯಲ್ಲಿ ಮಸಾಲೆ ಡಬ್ಬಿಗೆ ಚೀಟಿ ಅಂಟಿಸಿಕೊಂಡು ಕೂರಲು ಹೊರಟಿದ್ದಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಆ ವಾರವೇ ಟ್ರೇನರ್ ಮಹಾಶಯ ‘ಶೇರಿಂಗ್ ಸರ್ಕಲ್’ ಎಂಬ ಹೊಸ ಆಟ ತಂದ. ಕುರ್ಚಿಗಳನ್ನು ದುಂಡಗೆ ಹಾಕಿಸಿ, ಪ್ರತಿಯೊಬ್ಬರೂ ತಮಗಾದ ಒಂದು ‘ಕಲ್ಚರ್ ಶಾಕ್’ ಹೇಳಬೇಕೆಂದ. ನನ್ನನ್ನೂ ದುಂಡಗೆ ಕೂರಿಸಲು ನೋಡಿದ. ನನಗೆ ಮಂಡಿನೋವು ಎಂದು ಹಿಂದೆಯೇ ಉಳಿದೆ. ಒಬ್ಬ ಹುಡುಗ ಗೋವಾದಲ್ಲಿ ಏನೋ ಕಂಡದ್ದು ಹೇಳಿದ, ಚಪ್ಪಾಳೆ. ಇನ್ನೊಬ್ಬಳು ದುಬೈನ ಮಾಲ್ ಬಗ್ಗೆ ಹೇಳಿದಳು, ಚಪ್ಪಾಳೆ. ಆಮೇಲೆ ಪೀತಮ್‌ಪುರದ ಹುಡುಗಿಯ ಸರದಿ.

ಅವಳು ಎದ್ದು ನಿಂತು ಹಿಂದಿಯಲ್ಲಿ ಹೇಳಿದಳು: ‘‘ನಮ್ಮ ಪಾಪಾ ಹೋದರು. ಚೌಥಾಕ್ಕೆ ಒಬ್ಬಳು ಬಂದಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನನ್ನ ನೋಡಿದಳು, ನೋಡಿ ಪಕ್ಕದ ಬಾಗಿಲಿನಿಂದ ಓಡಿಹೋದಳು. ನಾನು ಅವಳನ್ನ ಸ್ವಂತದವಳು ಅಂದುಕೊಂಡಿದ್ದೆ. ಅದೇ ನನ್ನ ಶಾಕ್.’’

ಮಕ್ಕಳಿಗೆ ಅಷ್ಟು ಬುದ್ಧಿ ಇತ್ತು, ಯಾರೂ ಚಪ್ಪಾಳೆ ತಟ್ಟಲಿಲ್ಲ. ಟ್ರೇನರನೇ ಶುರು ಮಾಡಿದ! ‘‘ವಾವ್! ಪವರ್‌ಫುಲ್ ಶೇರಿಂಗ್! ಗಿವ್ ಹರ್ ಎ ಬಿಗ್ ಹ್ಯಾಂಡ್!’’ ಎಂದು ತಾನೇ ಪಟಪಟ ತಟ್ಟಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅಪ್ಪ ಸತ್ತ ಹುಡುಗಿಗೆ ಚಪ್ಪಾಳೆ! ನನಗೆ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಅವನ ನುಣುಪು ತಲೆಗೆ ಗುರಿಯಿಟ್ಟು ಎಸೆಯಬೇಕೆನ್ನಿಸಿತು.

ಅಷ್ಟರಲ್ಲಿ ನಮ್ಮವಳು ಎದ್ದು ನಿಂತಿದ್ದಳು. ‘‘ಸರ್, ವಹ್ ಮೈಂ ಥೀ. ಹಮಾರೇ ಯಹಾಂ...’’ ಅವಳು ನಾನೇ, ನಮ್ಮ ಕಡೆ... ಎಂದು ತನ್ನ ಪಠ್ಯಪುಸ್ತಕದ ಹಿಂದಿಯಲ್ಲಿ ಶುರು ಮಾಡಿದಳು. ಅದುವರೆಗೆ ಆ ತರಗತಿಯಲ್ಲಿ ತಾನಾಗಿ ಬಾಯಿ ತೆರೆದವಳೇ ಅಲ್ಲ. ಟ್ರೇನರ್ ಗಡಿಯಾರ ನೋಡಿದ. ‘‘ಗ್ರೇಟ್, ಗ್ರೇಟ್. ಆದರೆ ಟೈಮ್ ಆಯ್ತು. ಇದನ್ನ ನಾವು ಪಾರ್ಕಿಂಗ್ ಲಾಟ್‌ನಲ್ಲಿ ಇಡೋಣ’’ ಎಂದ. ಅಂದರೆ ಆಮೇಲೆ ನೋಡೋಣ ಎಂದು ಗೋಡೆಯ ಚಾರ್ಟಿಗೆ ಒಂದು ಹಳದಿ ಚೀಟಿ ಅಂಟಿಸುವುದು. ಅಂಟಿಸಿಯೂ ಬಿಟ್ಟ.

ನನಗೆ ತಡೆಯಲಾಗಲಿಲ್ಲ. ‘‘ನಿಮ್ಮ ಕಾರಿಗೆ ನೆರಳು ಹುಡುಕುವಾಗ ಟೈಮ್ ಇರುತ್ತದಲ್ಲ ಸರ್, ಈ ಮಗುವಿನ ಎರಡು ಮಾತು ಕೇಳೋಕೆ ಇಲ್ಲವೇ?’’ ಎಂದು ಹಿಂದಿನಿಂದಲೇ ಜೋರಾಗಿ ಹೇಳಿದೆ. ಅವನು ನಕ್ಕು, ‘‘ಲವ್ಲಿ ಫೀಡ್‌ಬ್ಯಾಕ್, ಮ್ಯಾಮ್’’ ಎಂದ. ಇಂಥ ಎಮ್ಮೆಚರ್ಮವನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ಕಾಣೆ. ನಾನು ತಿರುಗಿ ನೋಡುವಷ್ಟರಲ್ಲಿ ಪಂಜಾಬಿ ಹುಡುಗಿ ಬ್ಯಾಗ್ ಎತ್ತಿಕೊಂಡು ಹೊರಟುಹೋಗಿದ್ದಳು.

ಆ ಸಂಜೆ ಮೆಟ್ರೋದಲ್ಲಿ ಒಬ್ಬರಿಗೊಬ್ಬರು ಆತುಕೊಂಡು ನಿಂತೇ ನಮ್ಮವಳು ನನಗೆ ಎಲ್ಲ ಹೇಳಿದಳು. ಫೋನು, ಪಕ್ಕದ ಬಾಗಿಲು, ಚಪ್ಪಲಿ, ತಲೆಗೆ ನೀರು. ಹೇಳುತ್ತಾ ಹೇಳುತ್ತಾ ಬಿಕ್ಕಿದಳು. ಎದುರಿನ ಸೀಟಿನ ಹೆಂಗಸು ಎದ್ದು ಜಾಗ ಕೊಟ್ಟಳು. ಮನೆಗೆ ಬಂದವಳೇ ನಾನು ತಂಗಿಗೆ ಫೋನ್ ಮಾಡಿದೆ.

‘‘ನಿನಗೆ ಬುದ್ಧಿ ಇದೆಯೇನೇ? ಯಾರ ಮನೆ, ಏನು ಪದ್ಧತಿ ಅಂತ ಕೇಳೋದು ಬೇಡವೇ?’’

‘‘ಶಾಸ್ತ್ರ ಶಾಸ್ತ್ರವೇ ಅಕ್ಕ. ನಾನೇನು ಕೆಟ್ಟದ್ದು ಹೇಳಿದೆನೇ? ಅವರ ಮನೆಗೆ ಇನ್ನೊಂದು ಕೇಡು ಆಗದಿರಲಿ ಅಂತ ತಾನೇ?’’

ಅವಳ ಮಾತೂ ಸುಳ್ಳಲ್ಲ, ಅದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ‘‘ನಿನ್ನ ಶಾಸ್ತ್ರಕ್ಕಿಷ್ಟು!’’ ಎಂದು ಫೋನ್ ಇಟ್ಟೆ. ‘‘ಭಾನುವಾರ ನಾವಿಬ್ಬರೂ ಪೀತಮ್‌ಪುರಕ್ಕೆ ಹೋಗೋಣ. ಅವರಿಗೆ ನಾನು ಹೇಳ್ತೀನಿ’’ ಎಂದು ಹುಡುಗಿಗೆ ಮಾತು ಕೊಟ್ಟೆ. ‘‘ಅವಳು ಕೇಳದಿದ್ದರೆ?’’ ಎಂದಳು. ‘‘ಕೇಳದಿದ್ದರೆ ಆಮೇಲೆ ನೀನು ಊರಿಗೆ ಹೋಗು, ನಾನು ತಡೆಯಲ್ಲ’’ ಎಂದೆ. ಧೈರ್ಯವಾಗಿಯೇ ಹೇಳಿದೆ, ಒಳಗೆ ಅಳುಕಿತ್ತು.

ಭಾನುವಾರ ಬಾಗಿಲು ತೆಗೆದದ್ದು ಆ ಪಂಜಾಬಿ ಹುಡುಗಿಯೇ. ನಮ್ಮವಳನ್ನು ನೋಡಿದಳು, ಬಾಗಿಲನ್ನು ತೆರೆದೇ ಬಿಟ್ಟು ಒಳಗೆ ಹೋಗಿ ಸೋಫಾದ ತುದಿಯಲ್ಲಿ ಕೂತಳು. ತಾಯಿ ಅಡುಗೆಮನೆಯಿಂದ ಬಂದು, ನನ್ನ ವಯಸ್ಸು ನೋಡಿ ಸೆರಗನ್ನು ತಲೆಯ ಮೇಲೆಳೆದುಕೊಂಡು, ‘‘ಆಯಿಯೇ, ಬೈಠಿಯೇ’’ ಎಂದರು. ಗೋಡೆಯಲ್ಲಿ ಹಾರ ಹಾಕಿದ ಫೋಟೋ. ಮೀಸೆಯ ಕೆಳಗೆ ನಗುವಿದ್ದ ಮನುಷ್ಯ.

ನಾನು ಪೀಠಿಕೆಯಿಲ್ಲದೆ ಶುರು ಮಾಡಿದೆ. ನನ್ನ ಹಿಂದಿ ಈಗ ಇವರದೇ ಹಿಂದಿ, ಅದಕ್ಕೆ ಯಾರೂ ನಗುವುದಿಲ್ಲ. ನಮ್ಮ ಕಡೆ ಇಂಥ ಮನೆಯಿಂದ ಹೇಳಿ ಹೊರಡುವುದಿಲ್ಲ, ಹೇಳಿದರೆ ಆ ಮನೆಗೆ ಮತ್ತೆ ಕೇಡು ಕರೆದಂತೆ, ನಿಮಗೆ ಕೆಟ್ಟದಾಗಬಾರದೆಂದೇ ಈ ಮಗು ಕಣ್ಣು ತಪ್ಪಿಸಿ ಹೋದದ್ದು, ಅವಳಿಗೆ ನಿಮ್ಮ ಸಾಲಿನ ಪದ್ಧತಿ ಗೊತ್ತಿರಲಿಲ್ಲ. ಎಲ್ಲವನ್ನೂ ಪಾಠದ ಹಾಗೆ ಬಿಡಿಸಿ ಹೇಳಿದೆ. ತಾಯಿ ಕೇಳುತ್ತಾ ಕೇಳುತ್ತಾ ಕಣ್ಣೊರೆಸಿಕೊಂಡರು. ‘‘ಅಚ್ಛಾ... ನಮಗೇನು ಗೊತ್ತು? ನಮ್ಮವರೆಲ್ಲ ಮದ್ರಾಸಿಗಳಿಗೆ ತಮೀಜ್ ಇಲ್ಲ, ನಡತೆ ಗೊತ್ತಿಲ್ಲ ಅಂದರು. ಕ್ಷಮಿಸಬೇಕು ಬೆಹನ್‌ಜಿ’’ ಎಂದರು. ನಮ್ಮವಳ ತಲೆ ಸವರಿದರು.

ನಾನು ಬೀಗಿದೆ. ಆ ಕೋಟಿನವನು ಒಂದು ಸೆಮಿಸ್ಟರಿನಲ್ಲಿ ಮಾಡಲಾಗದ್ದನ್ನು ಒಂದು ಲೋಟ ಚಹಾ ಆರುವುದರೊಳಗೆ ಮುಗಿಸಿದೆನಲ್ಲ ಎಂದು. ಇಷ್ಟೇ ತಾನೇ? ಅವರ ಪದ್ಧತಿ ಇದು, ನಮ್ಮ ಪದ್ಧತಿ ಇದು, ಬಿಡಿಸಿ ಹೇಳಿದರೆ ಆಯಿತು. ಇದಕ್ಕೆ ಎರಡು ಕ್ರೆಡಿಟ್ಟು ಬೇರೆ.

ಆಗ ಸೋಫಾದ ತುದಿಯಲ್ಲಿದ್ದ ಹುಡುಗಿ ಬಾಯಿ ತೆರೆದಳು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ, ಕೇಳಿಸದಷ್ಟು ಮೆಲ್ಲಗೆ ಮಾತಾಡಿದಳು. ನನ್ನ ಕಡೆ ನೋಡಲಿಲ್ಲ, ಇವಳನ್ನೇ ನೋಡಿ ಹೇಳಿದಳು.

‘‘ಕೈಮುಗಿದು ಹೋಗು ಅಂತ ನಿನಗೆ ಯಾರು ಹೇಳಿದ್ದರು? ಕೈ ಮುಗಿಯೋಕೆ ಊರೆಲ್ಲ ಬಂದಿತ್ತು. ಸಾಲಿನಲ್ಲಿ ಮಮ್ಮಿ, ಭಯ್ಯಾ, ಆಮೇಲೆ ನಾನು. ನನ್ನ ಈ ಕಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದೆ. ಬುವಾ, ಪಾಪಾನ ಸ್ವಂತ ತಂಗಿ, ಬಂದು ನಿಲ್ಲೋಕೆ ನೋಡಿದಳು, ನಾನು ಬಿಡಲಿಲ್ಲ. ಇಲ್ಲಿ ಅವಳು ನಿಲ್ತಾಳೆ ಅಂದೆ. ಎರಡು ಮೂರು ಜನ ಕೇಳಿದರು, ಯಾರು ಅವಳು ಅಂತ. ನನ್ನ ತಂಗಿ ಅಂದೆ. ಆವಾಗ ನೀನು ಚಪ್ಪಲಿ ಹುಡುಕ್ತಿದ್ದೆ.’’

ಇದು ಪಂಜಾಬಿನ ಶಾಸ್ತ್ರವೂ ಅಲ್ಲ, ದಾವಣಗೆರೆಯ ಶಾಸ್ತ್ರವೂ ಅಲ್ಲ. ನಾನು ಬಿಡಿಸಿ ಹೇಳಿದ ಯಾವುದೂ ಇದರ ಹತ್ತಿರ ಸುಳಿದಿರಲಿಲ್ಲ. ತಾಯಿ ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡರು. ಅವರಿಗೂ ಇದು ಹೊಸತು.

ನಮ್ಮವಳು ನನ್ನ ಕಡೆ ತಿರುಗಿದಳು. ಈಗೇನು ಮಾಡಲಿ ಎಂಬ ಅದೇ ನೋಟ. ಅಮ್ಮ ಹೇಳಿದರೆ ಅಮ್ಮ, ಟ್ರೇನರ್ ಹೇಳಿದರೆ ಟ್ರೇನರ್, ದೊಡ್ಡಮ್ಮ ಹೇಳಿದರೆ ದೊಡ್ಡಮ್ಮ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

‘‘ನನ್ನ ಮುಖ ಏನು ನೋಡ್ತೀಯೇ?’’ ಎಂದೆ. ‘‘ಅವಳ ಮುಖ ನೋಡು!’’

ಅವಳು ನೋಡಿದಳು. ಆಮೇಲೆ ಎದ್ದು, ಚಹಾದ ಮೇಜನ್ನು ಬಳಸಿಕೊಂಡು ಹೋಗಿ ಸೋಫಾದ ಆ ತುದಿಯಲ್ಲಿ, ಇದ್ದ ಸ್ವಲ್ಪವೇ ಜಾಗದಲ್ಲಿ ಒತ್ತಿಕೊಂಡು ಕೂತಳು.

‘‘ಈಗ ಬಂದು ಏನು ಪ್ರಯೋಜನ?’’ ಎಂದಳು ಆ ಹುಡುಗಿ, ಅಳುತ್ತಾ. ಆದರೆ ಎದ್ದು ಹೋಗಲಿಲ್ಲ.